ಹಳದಿ ದೀಪದ ಲೆಕ್ಕ

ಕೆಂಪು ದೀಪ ಕಂಡೂ ಕಾಣದಂತೆ ನುಗ್ಗುವವರನ್ನು ಹಿಡಿಯುವ ಕ್ಯಾಮೆರಾದ ಮೂಲಪುರುಷ ಪೊಲೀಸನಲ್ಲ, ವೇಗದ ಹುಚ್ಚು ಹತ್ತಿದ್ದ ರೇಸುಗಾರ! ಹಾಲೆಂಡಿನ ಮೌರಿಟ್ಸ್ ಗಾಟ್ಸೊನಿಡಿಸ್ 1953ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವುಗಳಲ್ಲಿ ತನ್ನ ಕಾರಿನ ವೇಗವನ್ನು ಅಳೆದು, ಅದನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಲೆಂದು ಆತ ರೂಪಿಸಿದ ಸಾಧನ ಕೊನೆಗೆ ಸೇರಿದ್ದು ಪೊಲೀಸರ ಕೈಯನ್ನು. 1958ರಲ್ಲಿ ಆತ ಸ್ಥಾಪಿಸಿದ ಗಾಟ್ಸೊಮೀಟರ್ ಕಂಪೆನಿಯೇ 1960ರ ದಶಕದಲ್ಲಿ ಕೆಂಪು ದೀಪದ ಕ್ಯಾಮೆರಾವನ್ನೂ ತಯಾರಿಸಿತು.

1990ರ ದಶಕದಲ್ಲಿ ನ್ಯೂಯಾರ್ಕ್ ನಗರ ಇದನ್ನು ಅಳವಡಿಸಿದ ಮೇಲೆ ಅಮೆರಿಕದ ನೂರಾರು ಊರುಗಳು ಅದೇ ಹಾದಿ ಹಿಡಿದವು. ಬೆನ್ನಿಗೇ ವಿವಾದವೂ ಬಂತು. ಚಿತ್ರದಲ್ಲಿ ಕಾಣುವುದು ಕಾರಿನ ನಂಬರು, ಓಡಿಸಿದವರು ಯಾರು? ‘ನಾನು ಓಡಿಸಲಿಲ್ಲ’ ಎಂದು ಮಾಲೀಕನೇ ರುಜುವಾತು ಮಾಡಬೇಕೆಂಬ ಸೇಂಟ್ ಲೂಯಿಸ್ ನಗರದ ನಿಯಮವನ್ನು ಮಿಸ್ಸೌರಿ ರಾಜ್ಯದ ಸುಪ್ರೀಂ ಕೋರ್ಟು 2015ರಲ್ಲಿ ಒಪ್ಪಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಹಳದಿ ದೀಪದ ಪ್ರಶ್ನೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರು ಸಾಗುತ್ತದೆ. ಚಾಲಕ ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡು ಬೇಕು. ಆಮೇಲೆ ಹದವಾಗಿ ಬ್ರೇಕು ಒತ್ತಿದರೆ ಕಾರು ನಿಲ್ಲಲು ಒಟ್ಟು ಸುಮಾರು 46 ಮೀಟರು ಬೇಕಾಗುತ್ತದೆ. ಆದರೆ ಹಳದಿ ದೀಪ 3 ಸೆಕೆಂಡು ಮಾತ್ರ ಉರಿದರೆ, ಅಷ್ಟರಲ್ಲಿ ಕಾರು ಸಾಗುವುದು 42 ಮೀಟರು. ಈ ಎರಡರ ನಡುವೆ ಸಿಕ್ಕಿಬಿದ್ದವನು ಹದವಾಗಿ ನಿಲ್ಲಲೂ ಆರ, ಹಳದಿಯಲ್ಲಿ ಗೆರೆ ದಾಟಲೂ ಆರ. ಈ ಇಕ್ಕಟ್ಟನ್ನು ಗಾಜಿಸ್, ಹರ್ಮನ್, ಮಾರಡುಡಿನ್ ಎಂಬ ಮೂವರು ವಿಜ್ಞಾನಿಗಳು 1960ರಲ್ಲೇ ಗಣಿತದಿಂದ ತೋರಿಸಿದ್ದರು.

ಷಿಕಾಗೊದಲ್ಲಿ ಇದು ಹಣದ ಮಾತೂ ಆಯಿತು. ಅಲ್ಲಿ ಹಳದಿ ದೀಪ ಕನಿಷ್ಠ 3 ಸೆಕೆಂಡು ಇರಬೇಕಿತ್ತು. 2.9 ಸೆಕೆಂಡು ಎಂದು ದಾಖಲಾದ ಪ್ರಕರಣಗಳಲ್ಲೂ ಸುಮಾರು 77,000 ದಂಡದ ಚೀಟಿಗಳು ಹೋಗಿದ್ದವೆಂದು 2014ರಲ್ಲಿ ನಗರದ ತನಿಖಾಧಿಕಾರಿಯೇ ಕಂಡುಕೊಂಡರು. ಅವುಗಳ ಮೊತ್ತ ಸುಮಾರು 77 ಲಕ್ಷ ಡಾಲರು. ಸೆಕೆಂಡಿನ ಹತ್ತನೆಯ ಒಂದಂಶದ ಬೆಲೆ ಅದು!

ಹಾಗೆಂದು ಕ್ಯಾಮೆರಾ ನಿಷ್ಪ್ರಯೋಜಕವೇನಲ್ಲ. ಅಮೆರಿಕದ ಕೇಂದ್ರ ಹೆದ್ದಾರಿ ಇಲಾಖೆಯ 2005ರ ಅಧ್ಯಯನದ ಪ್ರಕಾರ, ಅಡ್ಡ ಬಂದು ಗುದ್ದುವ ಅಪಘಾತಗಳು ಶೇ. 25ರಷ್ಟು ಇಳಿದವು. ಜನ ಗಕ್ಕನೆ ಬ್ರೇಕು ಹಾಕತೊಡಗಿದ್ದರಿಂದ ಹಿಂದಿನಿಂದ ಗುದ್ದುವುದು ಶೇ. 15ರಷ್ಟು ಏರಿತು. ಆದರೆ ಜೀವಕ್ಕೆ ಹೆಚ್ಚು ಕುತ್ತು ತರುವುದು ಅಡ್ಡ ಗುದ್ದೇ.

ನಮ್ಮಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಇಂಥ ನಿಗಾಕ್ಕೆ ದಾರಿ ಮಾಡಿತು. ಬೆಂಗಳೂರಿನ ವೃತ್ತಗಳಿಗೂ ಕ್ಯಾಮೆರಾ ಬಂತು. ದಂಡ ಎಷ್ಟು ವಸೂಲಾಯಿತೆಂಬ ಲೆಕ್ಕದ ಜತೆಗೆ, ಪ್ರತಿ ವೃತ್ತದಲ್ಲಿ ಹಳದಿ ದೀಪ ಎಷ್ಟು ಸೆಕೆಂಡು ಉರಿಯುತ್ತದೆಂಬ ಲೆಕ್ಕವನ್ನೂ ಕೇಳುವುದು ನಾಗರಿಕರ ಹಕ್ಕು.