ಕೂತು ದುಡಿಯಲು ಕಲಿತ ಊರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಬೊಜ್ಜಿನ ಮಾತು ಬಂದರೆ ಮೊದಲು ಬೈಸಿಕೊಳ್ಳುವುದು ಮೊಬೈಲು, ಆಮೇಲೆ ಬೇಕರಿ. ಎರಡೂ ತಡವಾಗಿ ಬಂದವು. ಈ ಸೀಮೆಗೆ ಕೂತು ದುಡಿಯುವುದನ್ನು ಕಲಿಸಿದ್ದು ಬೀಡಿ. ಕಳೆದ ಶತಮಾನದಲ್ಲಿ ಮಂಗಳೂರಿನಲ್ಲಿ ಬೆಳೆದ ಬೀಡಿ ಕಂಪನಿಗಳು ಕೆಲಸವನ್ನು ಹಳ್ಳಿಮನೆಯ ಜಗಲಿಗೇ ಕಳಿಸಿದವು. ಹೆಂಗಸರು ಕಾಲು ಚಾಚಿ, ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟು, ನೆನೆಸಿದ ಎಲೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ ಸುತ್ತಿ, ನೂಲು ಕಟ್ಟುತ್ತಿದ್ದರು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಎದ್ದಷ್ಟು ಹೊತ್ತು ನಷ್ಟ. ಆದರೂ ಆ ಕಾಲದ ಬೀಡಿಯವರ ದೂರು ಬೆನ್ನುನೋವು, ಕೆಮ್ಮು; ಬೊಜ್ಜಲ್ಲ. ಏಕೆಂದರೆ ಬೀಡಿ ಅರ್ಧ ದಿನದ ಕೆಲಸವಾಗಿತ್ತು. ಉಳಿದರ್ಧದಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಭತ್ತದ ಮೂರು ಬೆಳೆಗಳ ನೇಜಿ (ಸಸಿ) ನೆಡಬೇಕು, ಗುಡ್ಡೆಯಿಂದ ಸೊಪ್ಪು ಹೊರಬೇಕು, ಬಾವಿಯಿಂದ ನೀರು ಸೇದಬೇಕು, ಸುತ್ತಿದ ಬೀಡಿ ಒಪ್ಪಿಸುವ ಬ್ರಾಂಚಿಗೂ ನಡೆದೇ ಹೋಗಬೇಕು.

ಆ ಇನ್ನರ್ಧ ಕರಗಿದ್ದು ಸೋಮಾರಿತನದಿಂದಲ್ಲ. ಚಾಲಗೇಣಿಯ ಒಕ್ಕಲು ಧಣಿ ಹೇಳಿದಾಗ ಜಾಗ ಬಿಟ್ಟು ಎದ್ದು ಹೋಗಬೇಕಾದವನು. ಫಲಕ್ಕೆ ವರ್ಷಗಟ್ಟಲೆ ಕಾಯಿಸುವ ಅಡಿಕೆಯನ್ನು ಅವನು ಯಾವ ಧೈರ್ಯದಲ್ಲಿ ನೆಟ್ಟಾನು? 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಜಾಗ ಸ್ವಂತದ್ದಾಯಿತು. ಬೈಲಿನ ಗದ್ದೆಗೂ ಅಡಿಕೆ ಇಳಿಯಿತು, ನೇಜಿಯ ಕೆಲಸ ಹೋಯಿತು. ಏತದ ಬದಲು ಪಂಪು, ಒನಕೆಯ ಬದಲು ಮಿಲ್ಲು, ಸೌದೆಯ ಬದಲು ಗ್ಯಾಸು. ಇವು ಜನ ಹಾತೊರೆದು ಪಡೆದ ಬಿಡುಗಡೆಗಳು. ಹಾಗಾಗಿ ಹಳೆಯ ಕಾಲವೇ ಚೆಂದವಿತ್ತು ಎನ್ನುವವರ ಜೊತೆ ನಾನಿಲ್ಲ. ಆ ಚುರುಕಿನ ಹಿಂದೆ ಹಸಿವಿತ್ತು, ಧಣಿಯ ಹಂಗಿತ್ತು.

ದುಡಿಮೆಯಲ್ಲ, ಊಟವೇ ಮುಖ್ಯ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ತಾಂಜಾನಿಯಾದ ಬೇಟೆಗಾರ ಹಾಡ್ಜಾ ಜನ ದಿನಕ್ಕೆ ವ್ಯಯಿಸುವ ಶಕ್ತಿ, ಮೈಗಾತ್ರ ಲೆಕ್ಕ ಹಾಕಿ ನೋಡಿದರೆ, ಪಟ್ಟಣಿಗರಿಗಿಂತ ಹೆಚ್ಚೇನಲ್ಲ ಎಂದು 2012ರ ಅಧ್ಯಯನವೊಂದು ತೋರಿಸಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅತಿತೂಕದ ಮಹಿಳೆಯರ ಪ್ರಮಾಣ 2015-16ರ ಶೇ. 23ರಿಂದ 2019-21ಕ್ಕೆ ಶೇ. 30ಕ್ಕೆ ಏರಿದೆ. ಗದ್ದೆ ಹೋದದ್ದು ಅದಕ್ಕೂ ಎಷ್ಟೋ ಮೊದಲು. ಈ ಜಿಗಿತದಲ್ಲಿ ಎಣ್ಣೆ, ಸಕ್ಕರೆ, ಮೈದಾದ ಪಾಲನ್ನು ಒಪ್ಪಲೇಬೇಕು. ಆದರೆ ಉತ್ತವನ ಹೊಟ್ಟೆಗೆ ಅಳೆದ ಕುಚ್ಚಲಕ್ಕಿ ಅನ್ನದ ರಾಶಿ ಅಂಗಡಿಯ ಗಲ್ಲಾದಲ್ಲಿ ಕೂತವನ ಬಟ್ಟಲಲ್ಲೂ ಹಾಗೇ ಉಳಿದಿದೆ. ತೂಕದ ಮಾತು ಬಿಟ್ಟರೂ ಕೂತಿರುವುದಕ್ಕೇ ಒಂದು ದಂಡವಿದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗಿಂತ ಕೂತ ಡ್ರೈವರಿಗೆ ಹೃದ್ರೋಗ ಹೆಚ್ಚೆಂದು ಜೆರ್ರಿ ಮಾರಿಸ್ 1953ರಲ್ಲೇ ಪ್ರಕಟಿಸಿದ್ದರು.

ಮೈದುಡಿಮೆ ಪೂರ್ತಿ ಅಳಿದಿಲ್ಲ. ಕೆಲವೇ ಮೈಗಳ ಪಾಲಾಗಿದೆ. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕಂಬಳದ ಕರೆಯಲ್ಲಿ (ಕೆಸರಿನ ಓಟದ ಹಾದಿಯಲ್ಲಿ) ಕೋಣಗಳ ಜೊತೆ ಓಡಿದ ವೇಗಕ್ಕೆ ದೇಶವೇ ಬೆರಗಾಯಿತು; ಕೋಣ ಕಟ್ಟಿ ಉಳುವ ಗದ್ದೆ ಮಾತ್ರ ಸುತ್ತಮುತ್ತ ಅಪರೂಪ. ಅಡಿಕೆ ಮರ ಏರಿ, ಕೊನೆ ಕೊಯ್ದು, ಮರದಿಂದ ಮರಕ್ಕೆ ದಾಟುವವರು ಈಗ ಸಿಗುವುದೇ ಕಷ್ಟ. ಅದಕ್ಕೇ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮದ್ದು ಬಿಡುವುದೂ ಕೊಯ್ಯುವುದೂ ನೆಲದಲ್ಲಿ ನಿಂತೇ.