ದುಡ್ಡು ಅನ್ನೋ ತಾಮ್ರದ ಮಾತು



ಆಫೀಸಲ್ಲಿ ದಿನಾ ‘ಹಣಕಾಸು ಇಲಾಖೆ’ ಅಂತ ಟೈಪ್ ಮಾಡ್ತೀನಿ. ‘ದುಡ್ಡಿನ ಇಲಾಖೆ’ ಅಂತ ಯಾವ ಫೈಲಲ್ಲೂ ಬರೆಯಲ್ಲ. ಆದ್ರೆ ಚಳ್ಳಕೆರೆ ಶೇಂಗಾ ಮಾರ್ಕೆಟ್ಟಾಗ್ಲಿ, ಮೊಳಕಾಲ್ಮೂರು ಮಗ್ಗದ ಮನೆಯಾಗ್ಲಿ, ಬಾಯಲ್ಲಿ ರೂಪಾಯಿ ಅಂದ್ರೆ ದುಡ್ಡೇ. ಬಳ್ಳಾರಿ ಕಡೆಯವರು ಬಂದ್ರೆ ರೊಕ್ಕ ಅಂತಾರೆ, ಅಷ್ಟೆ.

ಹಣ ಮೊದಲು ಚಿನ್ನದ ನಾಣ್ಯದ ಹೆಸರು. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊಡೆಸಿದ ಕಂಠೀರಾಯ ಹಣ ಬೆರಳ ತುದಿಗೆ ಅಂಟುವಷ್ಟು ಚಿಕ್ಕದು. ಅಂಥ 10 ಹಣಕ್ಕೆ ಒಂದು ವರಹದ ಲೆಕ್ಕ. ದುಡ್ಡು ಹಂಗಲ್ಲ, ಅದು ತಾಮ್ರದ್ದು, ಆಣೆಗಿಂತ ಕೆಳಗಿನದು.

ಗಡಿ ದಾಟಿದ್ರೆ ರಾಯದುರ್ಗದ ತೆಲುಗಲ್ಲೂ ದುಡ್ಡು, ತಮಿಳಲ್ಲಿ ತುಟ್ಟು. ಈ ತುಟ್ಟು ಡಚ್ ಕಂಪನಿಯ ‘ಡಾಯ್ಟ್’ ಅನ್ನೋ ತಾಮ್ರದ ಕಾಸಿಂದ ಬಂತು ಅಂತ ತಮಿಳು ಪಂಡಿತರು ಹೇಳ್ತಾರೆ. ಇಂಡೋನೇಷ್ಯಾದ ಆಡುಮಾತಲ್ಲಿ ಇವತ್ತಿಗೂ ಹಣಕ್ಕೆ ‘ದುವಿತ್’. ನಮ್ಮ ದುಡ್ಡೂ ಇವರ ನೆಂಟನೇ ಇರಬೇಕು ಅಂತ ನನ್ನ ಅನಿಸಿಕೆ.

ಹಡಗು ಎಲ್ಲಿಂದಾದ್ರೂ ಬಂದಿರ್ಲಿ. ಇಷ್ಟು ಸಣ್ಣ ನಾಣ್ಯದ ಹೆಸರು ಇಡೀ ರೂಪಾಯಿಗೆ ಯಾಕೆ ಅಂಟ್ಕೊಂತು? ನಾನು ಅರ್ಥ ಮಾಡ್ಕೊಂಡಿದ್ದು ಇಷ್ಟು: ಚಿನ್ನ ಮುಟ್ಟಿದವರು ಊರಿಗೆ ನಾಕು ಮನೆ, ದುಡಿಯೋರ ಕೈಗೆ ಬಂದಿದ್ದು ತಾಮ್ರ. ಮಾತು ಕಟ್ಟಿದವರು ದುಡಿಯೋರೇ ತಾನೆ.

ನಮ್ಮ ಕೇರಿಗೆ ಆ ತಾಮ್ರವೂ ಸಲೀಸಾಗಿ ಬರಲಿಲ್ಲ. ಸುಗ್ಗೀಲಿ ಕಣದ ಅಂಚಲ್ಲಿ ನಿಂತು ಕಾಳು ಇಸ್ಕೊಳ್ಳೋದು, ಇಲ್ಲಾಂದ್ರೆ ಜೀತ. ಜೀತ ರದ್ದಾಗಿ ಕಾನೂನು ಬಂದಿದ್ದೇ 1976ರಲ್ಲಿ. ನಮ್ಮಜ್ಜಿ ಹೇಳ್ತಿದ್ಳು: ಇವಳು ಕಾಸನ್ನ ಅಂಗಡಿ ಕಟ್ಟೆ ಮೇಲೆ ಇಡಬೇಕು, ಅಂಗಡಿಯೋನು ನೀರು ಚಿಮುಕಿಸಿ ತಗೊಳ್ಳೋನು, ಚಿಲ್ಲರೆ ಮೇಲಿಂದ ಎಸೆಯೋನು. ಕಾಸಿಗೆ ಮೈಲಿಗೆ ಇತ್ತು, ಕಾಸಿನ ಬೆಲೆಗೆ ಇರ್ಲಿಲ್ಲ ನೋಡಿ.

ಇಂಥ ದೇಶದಿಂದ ಹೋದ ಬಾಬಾಸಾಹೇಬರು 1923ರಲ್ಲಿ ಲಂಡನ್ನಲ್ಲಿ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಪ್ರಕಟಿಸಿದ್ರು. ರೂಪಾಯಿ ಬೆಲೆ ಇಳಿದ್ರೆ ಸಾಮಾನಿನ ಬೆಲೆ ಓಡುತ್ತೆ, ಕೂಲಿ ಹಿಂದೆ ಕುಂಟ್ತಾ ಬರುತ್ತೆ ಅನ್ನೋದನ್ನ ಅವರು ಬಿಡದೆ ವಾದಿಸಿದ್ರು. ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಹೋಗಿ ಸಾಕ್ಷಿ ಹೇಳಿದ್ರು. ಅವರನ್ನ ಬರೀ ಸಂವಿಧಾನಕ್ಕೆ ಕಟ್ಟಿಹಾಕೋರು ಇದನ್ನ ಓದಲ್ಲ.

1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದು ಆಣೆ ಲೆಕ್ಕ ಹೋಯ್ತು. 2011ರ ಜೂನ್ 30ಕ್ಕೆ ನಾಕಾಣೆ ಬಿಲ್ಲೆಯೂ ಹೋಯ್ತು. ದುಡ್ಡು ಅನ್ನೋ ಮಾತು ಹೋಗಲಿಲ್ಲ. ಈಗ ಅಂಗಡೀಲಿ ಫೋನ್ ಪೇ, ಎಸೆಯೋಕೆ ಚಿಲ್ಲರೆನೇ ಇಲ್ಲ.

ನಿಮ್ಮ ಕೇರೀಲಿ ಹಿರಿಯರಿದ್ರೆ ಕೇಳಿ: ಮೊದಲ ಕೂಲಿ ಕಾಳಲ್ಲಿ ಸಿಕ್ಕಿತ್ತೋ, ದುಡ್ಡಲ್ಲೋ? ಕೈಗೆ ಕೊಟ್ರೋ, ಎಸೆದ್ರೋ? ಕೇಳಿ ಇಲ್ಲಿ ಬರೀರಿ.