ಮನೆಯೇ ಪಾಠಶಾಲೆಯಾದಾಗ ಅಡುಗೆ ಯಾರದು?



2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ನಿಮ್ಮಲ್ಲಿ ಹಲವರ ಮನೆಗಳು ಒಮ್ಮೆಲೇ ಪಾಠಶಾಲೆಗಳಾದವು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ ಭಿನ್ನರಾಶಿಯ ಲೆಕ್ಕವನ್ನೂ ಬಿಡಿಸಿಕೊಡಬೇಕಾದ ಇಕ್ಕಟ್ಟು ಎಂಥದೆಂಬುದನ್ನು ಅನೇಕ ತಾಯಂದಿರು ಆಗ ಅನುಭವಿಸಿದರು. ಪರದೇಶಗಳಲ್ಲಿ ನೆಲೆಸಿ, ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುತ್ತಿರುವ ಕೆಲವರಿಗೆ ಇದು ಇಂದಿಗೂ ನಿತ್ಯದ ಪಾಡು. ಮನೆಪಾಠದ ವಿಚಾರದಲ್ಲಿ ಯಾವ ಪುಸ್ತಕ, ಯಾವ ಪದ್ಧತಿ ಎಂಬ ಚರ್ಚೆ ಬಹಳ ನಡೆಯುತ್ತದೆ; ಅಡುಗೆ ಯಾರು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ನೂರು ವರ್ಷಗಳಿಗೂ ಹಿಂದೆ ದಕ್ಷಿಣ ಆಫ್ರಿಕದಲ್ಲಿದ್ದ ಒಂದು ಭಾರತೀಯ ಕುಟುಂಬದೊಳಗೆ ಇಣುಕಿ ನೋಡೋಣ. ಅದು ಮೋಹನದಾಸ ಗಾಂಧಿ ಮತ್ತು ಕಸ್ತೂರಬಾ ಅವರ ಕುಟುಂಬ.

1897ರ ಜನವರಿಯಲ್ಲಿ ಗಾಂಧೀಜಿ ಡರ್ಬನ್ ಬಂದರಿನಲ್ಲಿ ಇಳಿದಾಗ ಅವರೊಡನೆ ಮೂವರು ಬಾಲಕರಿದ್ದರು: ಇಬ್ಬರು ಮಕ್ಕಳು, ಒಬ್ಬ ಸೋದರಿಯ ಮಗ. ಬಿಳಿಯರ ಶಾಲೆಯಲ್ಲಿ ಗಾಂಧೀಜಿಯ ಮಕ್ಕಳಿಗೆ ವಿಶೇಷ ರಿಯಾಯಿತಿಯಾಗಿ ಪ್ರವೇಶ ದೊರೆಯಬಹುದಿತ್ತು. ಇತರ ಭಾರತೀಯರ ಮಕ್ಕಳಿಗೆ ಇಲ್ಲದ ಸೌಲಭ್ಯ ತಮ್ಮ ಮಕ್ಕಳಿಗೂ ಬೇಡವೆಂದು ಅವರು ಅದನ್ನು ಒಲ್ಲೆನೆಂದರು. ಮಿಷನರಿ ಶಾಲೆಗಳ ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಅದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ತಿಂಗಳಿಗೆ 7 ಪೌಂಡ್ ಸಂಬಳದ ಮೇಲೆ ಒಬ್ಬ ಆಂಗ್ಲ ಶಿಕ್ಷಕಿಯನ್ನು ಮನೆಗೇ ಗೊತ್ತುಮಾಡಿದರು. ಗುಜರಾತಿಯನ್ನು ತಾವೇ ಕಲಿಸುವೆನೆಂದರಾದರೂ, ವಕೀಲಿ ವೃತ್ತಿ ಮತ್ತು ಸಾರ್ವಜನಿಕ ಕಾರ್ಯಗಳ ನಡುವೆ ಅದಕ್ಕೆ ನಿಯತವಾದ ವೇಳೆ ಸಿಗಲಿಲ್ಲ.

ಕೆಲವು ವರ್ಷಗಳ ನಂತರ ಜೋಹಾನ್ಸ್‌ಬರ್ಗಿನ ಮನೆಯಲ್ಲಿ ಬೇರೆಯೇ ಏರ್ಪಾಡು ಕಾಣುತ್ತದೆ. ಅಂಗಡಿಯ ರೊಟ್ಟಿ ಬೇಡ, ಮನೆಯಲ್ಲೇ ಹಿಟ್ಟು ಬೀಸಿ ರೊಟ್ಟಿ ಸುಡೋಣವೆಂದು ಗಾಂಧೀಜಿ ಕಬ್ಬಿಣದ ಚಕ್ರವಿದ್ದ ಒಂದು ಬೀಸುವ ಯಂತ್ರವನ್ನು ಕೊಂಡರು. ಅದರ ಬೆಲೆಯೂ 7 ಪೌಂಡ್! ಡರ್ಬನ್ನಿನ ಶಿಕ್ಷಕಿಯ ಒಂದು ತಿಂಗಳ ಸಂಬಳಕ್ಕೂ, ಈ ಯಂತ್ರಕ್ಕೂ ಒಂದೇ ಬೆಲೆ. ಒಬ್ಬರಿಂದ ತಿರುಗಿಸಲಾಗದಷ್ಟು ಭಾರವಾಗಿದ್ದ ಅದನ್ನು ಗಾಂಧೀಜಿ, ಅವರೊಡನೆ ವಾಸವಾಗಿದ್ದ ಹೆನ್ರಿ ಪೋಲಕ್ ಮತ್ತು ಮಕ್ಕಳು ಸೇರಿ ತಿರುಗಿಸುತ್ತಿದ್ದರು. ಪೋಲಕರ ಪತ್ನಿ ಮಿಲಿ ಬಂದ ಮೇಲೆ ಅವರೂ ಕೈಜೋಡಿಸಿದರು. ಕಸ್ತೂರಬಾ ಮಾತ್ರ ಒಮ್ಮೊಮ್ಮೆ ಬರುತ್ತಿದ್ದರು. ಕಾರಣ ಸರಳ: ಹಿಟ್ಟು ಬೀಸುವ ಹೊತ್ತು, ಆಕೆ ಒಲೆ ಹೊತ್ತಿಸುವ ಹೊತ್ತೂ ಆಗಿತ್ತು.

ಈ ಸಂಗತಿ ಆತ್ಮಕಥೆಯಲ್ಲಿ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಅನುವಾದದಲ್ಲಿ ಆ ಗ್ರಂಥವನ್ನು ಓದಿದ ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದ್ದೀರೋ! ಬೀಸುವ ಕೆಲಸ ಮಕ್ಕಳಿಗೆ ವ್ಯಾಯಾಮವಾಯಿತು, ಶಿಕ್ಷಣವಾಯಿತು. ಅದೇ ವೇಳೆಯಲ್ಲಿ ಒಳಗೆ ನಡೆಯುತ್ತಿದ್ದ ಅಡುಗೆ ಕೇವಲ ಅಡುಗೆಯಾಗಿಯೇ ಉಳಿಯಿತು. ಪಾಠವಾದರೋ ತಂದೆಯೊಡನೆ ಹೊರಗೆ ನಡೆಯುತ್ತಿತ್ತು. ಮನೆಯಿಂದ ಕಚೇರಿಗೆ ಹೋಗಿ ಬರುವ ಸುಮಾರು 5 ಮೈಲಿ ದಾರಿಯಲ್ಲಿ ಮಕ್ಕಳು ಅವರ ಜೊತೆ ನಡೆಯುತ್ತಾ ಮಾತಿನ ಮೂಲಕ ಕಲಿಯುತ್ತಿದ್ದರು. ದಾರಿಯಲ್ಲಿ ಮತ್ತೊಬ್ಬರು ಮಾತಿಗೆ ಸಿಕ್ಕಿದರೆ ಅಂದಿನ ಪಾಠ ಅಲ್ಲಿಗೇ ನಿಂತಿತು.

ಕಸ್ತೂರಬಾ ಅವರ ಸ್ವಂತ ಓದಿನ ಕಥೆಯನ್ನೂ ಇಲ್ಲಿ ನೆನೆಯಬೇಕು. ಮದುವೆಯಾದಾಗ ಆಕೆಗೆ ಅಕ್ಷರ ಬರುತ್ತಿರಲಿಲ್ಲ. ತರುಣ ಪತಿ ಕಲಿಸಲು ಉತ್ಸುಕನಾಗಿದ್ದರೂ, ಹಿರಿಯರೆದುರು ಹೆಂಡತಿಯೊಡನೆ ಮಾತನಾಡಲೂ ಸಂಕೋಚಪಡಬೇಕಾಗಿದ್ದ ಕೂಡುಕುಟುಂಬದಲ್ಲಿ ಪಾಠಕ್ಕೆ ಇದ್ದದ್ದು ರಾತ್ರಿಯ ವೇಳೆ ಮಾತ್ರ. ಆಕೆಗೂ ಅದರಲ್ಲಿ ಮನಸ್ಸಿರಲಿಲ್ಲ. ಆಕೆಯ ಓದು ಕೊನೆಗೂ ಸರಳ ಗುಜರಾತಿಯನ್ನು ಅರ್ಥಮಾಡಿಕೊಳ್ಳುವ, ಕಷ್ಟಪಟ್ಟು ಕಾಗದ ಬರೆಯುವ ಹಂತದಲ್ಲೇ ನಿಂತಿತು. ದಿನದ ದುಡಿಮೆಯೆಲ್ಲ ಮುಗಿದ ಮೇಲೆ ಉಳಿಯುವ ರಾತ್ರಿಯ ತುಣುಕಿನಲ್ಲಿ ಎಷ್ಟು ವಿದ್ಯೆ ತಲೆಗೆ ಹತ್ತೀತು?

ಮೂರನೆಯ ಏರ್ಪಾಡು ಟಾಲ್‌ಸ್ಟಾಯ್ ಫಾರಂ. 1910ರಲ್ಲಿ ಹರ್ಮನ್ ಕಲನ್‌ಬಾಕ್ ಎಂಬ ಗೆಳೆಯರು ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ ಸುಮಾರು 1,100 ಎಕರೆ ಭೂಮಿಯನ್ನು ಕೊಂಡು, ಸತ್ಯಾಗ್ರಹಿಗಳ ಕುಟುಂಬಗಳ ವಾಸಕ್ಕೆ ಬಿಟ್ಟುಕೊಟ್ಟರು. ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿ ಜನರು ಅಲ್ಲಿ ಒಂದೇ ಕುಟುಂಬದವರಂತೆ ಬಾಳಿದರು. ಆಳುಗಳಿರಲಿಲ್ಲ. ಅಡುಗೆಯಿಂದ ಮೊದಲ್ಗೊಂಡು ಮಲವಿಸರ್ಜನೆಯ ಸ್ವಚ್ಛತೆಯವರೆಗೆ ಸಕಲ ಕಾರ್ಯಗಳೂ ನಿವಾಸಿಗಳದೇ. ಅಡುಗೆಮನೆ ಒಂದೇ, ಪಂಕ್ತಿಯೂ ಒಂದೇ. ಉಂಡ ತಟ್ಟೆಯನ್ನು ಅವರವರೇ ತೊಳೆಯಬೇಕು. ದೊಡ್ಡ ಪಾತ್ರೆಗಳಿಗೆ ಸರದಿ.

ಊಟದ ಕ್ರಮವೂ ಸರಳ. ಬೆಳಿಗ್ಗೆ 6 ಗಂಟೆಗೆ ರೊಟ್ಟಿ, ಮನೆಯಲ್ಲೇ ತಯಾರಿಸಿದ ಗೋಧಿಯ ಕಾಫಿ. 11ಕ್ಕೆ ಅನ್ನ, ಬೇಳೆ, ಪಲ್ಯ. ಸಂಜೆ ಐದೂವರೆಗೆ ಗೋಧಿ ಗಂಜಿ ಮತ್ತು ಹಾಲು, ಇಲ್ಲವೇ ರೊಟ್ಟಿ ಮತ್ತು ಅದೇ ಕಾಫಿ. ದಿನವೂ ಇಂದೇನು ಮಾಡಲಿ ಎಂದು ಯೋಚಿಸುವ ಭಾರವೇ ಅಲ್ಲಿರಲಿಲ್ಲ! ಮನೆಪಾಠ ಮಾಡುವ ಗೃಹಿಣಿಯರು ಇದನ್ನು ಅವಶ್ಯ ಗಮನಿಸಬೇಕು. ಒಲೆಯ ಮುಂದೆ ಕಳೆಯುವ ಹೊತ್ತಿನಷ್ಟೇ ಆ ಯೋಚನೆಯೂ ಮನಸ್ಸನ್ನು ದಣಿಸುತ್ತದೆಯಲ್ಲವೇ?

ಗುರುಗಳು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದೆಂಬುದು ಅಲ್ಲಿಯ ನಿಯಮ. ಮಕ್ಕಳು ದುಡಿಯುವಲ್ಲಿ ಒಬ್ಬ ಗುರು ಜೊತೆಗೆ ನಿಂತು ದುಡಿಯಲೇಬೇಕು. ರಂಜಾನ್ ತಿಂಗಳಲ್ಲಿ ಮುಸ್ಲಿಂ ಬಾಲಕರು ಉಪವಾಸವಿದ್ದಾಗ, ಉಳಿದವರು ತಮ್ಮ ಊಟವನ್ನು ಸೂರ್ಯಾಸ್ತಕ್ಕೆ ಮುನ್ನವೇ ಮುಗಿಸಿ, ಅವರಿಗಾಗಿ ವಿಶೇಷ ತಿನಿಸು ಮಾಡಿ ಬಡಿಸಲು ಸಿದ್ಧರಾಗುತ್ತಿದ್ದರು. ಪರಧರ್ಮ ಸಹಿಷ್ಣುತೆಯ ಇಂಥ ಪಾಠವನ್ನು ನಾನು ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದಿದ್ದರೂ ಇಷ್ಟು ಚೆನ್ನಾಗಿ ಕಲಿಸುವುದು ಸಾಧ್ಯವಿರಲಿಲ್ಲ.

ಆದರೆ ಇತಿಹಾಸ ಬರೆಯುವವರು ನಾಣ್ಯದ ಇನ್ನೊಂದು ಮುಖವನ್ನೂ ತೋರಿಸಬೇಕು. ಬೆಳಗಿನ ಹೊತ್ತೆಲ್ಲ ಹೊಲಗೆಲಸ, ಮನೆಗೆಲಸಗಳಿಗೆ ಸಲ್ಲುತ್ತಿದ್ದುದರಿಂದ ಅಕ್ಷರಪಾಠಕ್ಕೆ ಉಳಿದದ್ದು ಮಧ್ಯಾಹ್ನದ ಊಟದ ನಂತರದ ವೇಳೆ, ಹೆಚ್ಚೆಂದರೆ 3 ಅವಧಿ. ಅಷ್ಟರಲ್ಲೇ ಹಿಂದಿ, ತಮಿಳು, ಗುಜರಾತಿ, ಉರ್ದು, ಇಂಗ್ಲಿಷ್, ಗಣಿತ, ಚರಿತ್ರೆ, ಭೂಗೋಳ ಎಲ್ಲವೂ ಮುಗಿಯಬೇಕು. ದುಡಿದು ದಣಿದು ಉಂಡು ಕುಳಿತ ಮಕ್ಕಳು ತೂಕಡಿಸುತ್ತಿದ್ದರು, ಗುರುಗಳೂ ತೂಕಡಿಸುತ್ತಿದ್ದರು! ಕಣ್ಣಿಗೆ ನೀರು ಚಿಮುಕಿಸಿಕೊಂಡು ಪಾಠ ಮುಂದುವರಿಸುತ್ತಿದ್ದರಂತೆ. ಊಟವಾದ ಮೇಲಿನ ಮೊದಲ ಪೀರಿಯಡ್ಡಿನಲ್ಲಿ ನೀವು ಹೇಗಿರುತ್ತಿದ್ದಿರೆಂದು ನಾನು ಬೇರೆ ನೆನಪಿಸಬೇಕಿಲ್ಲ.

ಇದರ ಬೆಲೆ ತೆತ್ತವರು ಮಕ್ಕಳು. ಹಿರಿಯ ಮಗ ಹರಿಲಾಲ್ ಕ್ರಮಬದ್ಧ ವಿದ್ಯಾಭ್ಯಾಸವನ್ನು ಹಂಬಲಿಸಿ 1911ರಲ್ಲಿ ತಂದೆಯನ್ನು ತೊರೆದು ಅಹಮದಾಬಾದಿಗೆ ನಡೆದ. ಶಾಲೆಯ ಓದು ತಪ್ಪಿತೆಂಬ ಕೊರಗು ಇತರ ಪುತ್ರರಲ್ಲಿಯೂ ಇತ್ತು. ಮುಂದೆ ಮಣಿಲಾಲ್ ದಕ್ಷಿಣ ಆಫ್ರಿಕದಲ್ಲಿ 'ಇಂಡಿಯನ್ ಒಪಿನಿಯನ್' ಪತ್ರಿಕೆಯನ್ನೂ, ದೇವದಾಸ್ 'ಹಿಂದೂಸ್ತಾನ್ ಟೈಮ್ಸ್' ಪತ್ರಿಕೆಯನ್ನೂ ಸಂಪಾದಿಸಿ ಯೋಗ್ಯರೆನಿಸಿಕೊಂಡರೆಂಬುದೂ ನಿಜವೇ. ದಿನಕ್ಕೆ ಒಂದು ಗಂಟೆಯನ್ನಾದರೂ ತಪ್ಪದೆ ಕೊಟ್ಟಿದ್ದರೆ ಮಕ್ಕಳಿಗೆ ಆದರ್ಶ ಶಿಕ್ಷಣ ಕೊಡಬಹುದಾಗಿತ್ತೆಂದು ಗಾಂಧೀಜಿ ಸ್ವತಃ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಈ ಮೂರು ಏರ್ಪಾಡುಗಳಿಂದ ನನಗೆ ತೋರುವುದಿಷ್ಟು. ಮನೆ ಶಾಲೆಯಾಗಬೇಕಾದರೆ ಅಡುಗೆಯೂ ವೇಳಾಪಟ್ಟಿಯೊಳಗೆ ಬರಬೇಕು. ಅದು ಒಬ್ಬಳ ಪಾಲಿಗೇ ಉಳಿದರೆ ಆಕೆ ಕಲಿಸಲೂ ಆರಳು, ಕಲಿಯಲೂ ಆರಳು. ಎಲ್ಲರೂ ಕೈಹಾಕಿದಾಗ ಒಲೆಯೂ ಗುರುವಾಗಬಲ್ಲದು. ಹಾಗೆಂದು, ರೊಟ್ಟಿ ಸುಡುವುದನ್ನು ಕಲಿತ ಮಾತ್ರಕ್ಕೆ ವ್ಯಾಕರಣ ಬಂದೀತೆಂದು ನಂಬಬಾರದು. ಅಕ್ಷರಕ್ಕೆ ಅದರದೇ ಆದ, ದಣಿವಿಲ್ಲದ ಒಂದು ಗಂಟೆ ಬೇಕು.

ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ನಾನು ಹೇಳುವುದೇನೂ ಇಲ್ಲ. ಅವರಿಗೆ ಇದೆಲ್ಲ ಗೊತ್ತು. ನಾನು ಹೇಳುವುದು ಅವರ ಯಜಮಾನರಿಗೆ. ನಾಳೆ ಬೆಳಿಗ್ಗೆ ತರಕಾರಿ ಹೆಚ್ಚುವ ಕೆಲಸವನ್ನು ನೀವು ತೆಗೆದುಕೊಳ್ಳಿ. ಪಕ್ಕದಲ್ಲಿ ಮಗುವನ್ನೂ ಕೂಡಿಸಿಕೊಳ್ಳಿ. ಆ ಒಂದು ಗಂಟೆ ಅಲ್ಲಿಂದಲೇ ಹುಟ್ಟಬೇಕು.